ಸಾರ್ಜೆಂಟನ ರಕ್ತ

ನಮ್ಮ ಯಾಂಬಾ ಊರಲ್ಲಿ ವಸಂತ ಬಂತೆಂದರೆ ಬೆಕ್ಕು ತೂರಾಡಿದರೂ ಉಣ್ಣೆಹುಳ, ನಾಯಿ ಸೀನಿದರೂ ಉಣ್ಣೆಹುಳ. ಅದು ಕಚ್ಚಿದರೆ ಪ್ರಾಣಿಗಳ ಕಾಲಿನ ಶಕ್ತಿಯೇ ಹೋಗುತ್ತದೆ. ನಮ್ಮ ಬೆಕ್ಕು ಡಿಂಗಿ ನಿಲ್ಲಲಾರದೆ ಪಕ್ಕಕ್ಕೆ ವಾಲಿದಾಗ ನನ್ನ ಗಂಡ ಕೆವ್ ಬೇರೇನೂ ಯೋಚಿಸದೆ ಕ್ಷೌರದ ಮೆಷಿನ್ ತಂದು ಅವಳ ಮೈ ಬೋಳಿಸತೊಡಗಿದ. ಇಡೀ ಮಧ್ಯಾಹ್ನ ಇಬ್ಬರೂ ಬೆರಳಾಡಿಸಿ ಹುಡುಕಿದೆವು. ಕೊನೆಗೆ ಕಿವಿಯ ಹಿಂದೆ ಒಂದು ಸಿಕ್ಕಿತು.

"ಸಿಕ್ಕಿಬಿದ್ದ ಕಣೇ ಕಳ್ಳ! ಇನ್ನು ಹುಷಾರಾಗ್ತಾಳೆ, ಅಳಬೇಡ," ಎಂದು ಕೆವ್ ಅದನ್ನು ಚಿಮಟದಲ್ಲಿ ಎತ್ತಿ ತೋರಿಸಿದ. ನಾನೂ ಪೆದ್ದಿಯ ಹಾಗೆ ಖುಷಿಪಟ್ಟೆ.

ಬೆಳಿಗ್ಗೆ ಡಿಂಗಿ ತಲೆ ಎತ್ತಲಿಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಟ್ರಾನ್ ಅವಳ ತುಟಿ ಎತ್ತಿದರು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

"ಇದು ಉಣ್ಣೆಹುಳದ ಕೆಲಸ ಅಲ್ಲ ನೋಲೀನ್. ಚಿಗಟ ಕಚ್ಚಿ ರಕ್ತಕ್ಕೆ ರೋಗ ಹತ್ತಿದೆ, ಕೆಂಪುಕಣ ಎಲ್ಲ ಒಡೆದುಹೋಗ್ತಿವೆ. ಔಷಧ ಹಿಡಿಯೋವರೆಗೆ ಇವಳು ಉಳೀಬೇಕಾದ್ರೆ ಇವತ್ತೇ ರಕ್ತ ಬೇಕು."

"ನಿಮ್ಮದೇ ಬೆಕ್ಕಿದೆಯಲ್ಲ ಇಲ್ಲಿ?"

"ಅದು ಎ ಗುಂಪು, ಇವಳದು ಬಿ. ಅದರ ರಕ್ತ ಕೊಟ್ರೆ ನಮ್ಮ ಕಣ್ಣೆದುರೇ ಸಾಯ್ತಾಳೆ. ಇವಳ ಒಡಹುಟ್ಟಿದವರು ಯಾರಾದ್ರೂ ಇದ್ದಾರಾ?"

ಇದ್ದ. ಪಕ್ಕದ ಮನೆಯ ಕ್ಲೈವ್‌ನ ಗಂಡುಬೆಕ್ಕು, ಸಾರ್ಜೆಂಟ್. ಮರಿಯಾಗಿದ್ದಾಗ ಅವನನ್ನು ಕೊಟ್ಟವಳೇ ನಾನು. ಅವನು ನನ್ನ ಕೋಳಿಮರಿ ಹಿಡಿದ ಮೇಲೆ ಕ್ಲೈವ್‌ನ ಮುಖ ನೋಡುವುದನ್ನೂ ಬಿಟ್ಟಿದ್ದೆ. ಈಗ ಬಿಗುಮಾನವೆಲ್ಲ ಬಿಟ್ಟು ಅವನ ಬಾಗಿಲು ಬಡಿದು, ಡಿಂಗಿಗೆ ಸಾರ್ಜೆಂಟನ ರಕ್ತ ಬೇಕೆಂದು ಹೇಳಿದೆ.

"ರಾತ್ರಿಯಿಂದ ಮನೆಗೇ ಬಂದಿಲ್ಲ ಕಣೇ," ಎಂದ ಕ್ಲೈವ್. ಹುಡುಕಿ ಹುಡುಕಿ ಅವನ ಮುಖ ಬಾಡಿತ್ತು.

ಆಗ ನನಗೆ ನೆನಪಾಯಿತು. ಮೊನ್ನೆ ಊರಿನ ಕೌನ್ಸಿಲ್‌ನಿಂದ ಬೋನು ತಂದು, ಸಾರ್ಡೀನ್ ಮೀನು ಹಾಕಿ, ಕೋಳಿಗೂಡಿನ ಹಿಂದೆ ಇಟ್ಟವಳು ನಾನೇ. ಡಿಂಗಿಯ ಗಾಬರಿಯಲ್ಲಿ ಅದು ಮರೆತೇಹೋಗಿತ್ತು. ಸಿಕ್ಕ ಬೆಕ್ಕನ್ನು ದಿನಾ ಬೆಳಿಗ್ಗೆ ಅವರೇ ಬಂದು ಒಯ್ಯುತ್ತಾರೆ. ಸಾರ್ಜೆಂಟನಂತೆ ಕೊರಳಪಟ್ಟಿ ಇಲ್ಲದ ಬೆಕ್ಕು ಅಲ್ಲಿಂದ ವಾಪಸು ಬಂದದ್ದನ್ನು ನಾನು ಕಂಡಿಲ್ಲ.

ಬಿದ್ದಂಬೀಳ ಓಡಿದೆ. ಏನೆಂದು ತಿಳಿಯದೆ ಕ್ಲೈವ್ ನನ್ನ ಹಿಂದೆಯೇ ಓಡಿಬಂದ. ನಮ್ಮ ಗೇಟಿನಲ್ಲಿ ಕೌನ್ಸಿಲ್ ವ್ಯಾನು ನಿಂತಿತ್ತು. ಅದರ ಡ್ರೈವರ್ ಬೋನನ್ನು ಒಳಕ್ಕೆ ತಳ್ಳುತ್ತಿದ್ದ. ಬೋನಿನೊಳಗಿಂದ ಸಾರ್ಜೆಂಟ್ ಬುಸುಗುಡುತ್ತಿದ್ದ.

"ನಿಲ್ಸಿ! ಬಿಡಿ ಅವನನ್ನ!"

"ಹಿಡ್ಕೊಂಡು ಹೋಗಿ ಅಂತ ಬೋನು ತಂದಿಟ್ಟಿದ್ದು ನೀವೇ ಅಲ್ವಾ?" ಎಂದ ಡ್ರೈವರ್.

ಕ್ಲೈವ್ ನನ್ನ ಮುಖ ನೋಡಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈಗ ಇವನು ಆಗುವುದಿಲ್ಲ ಎಂದರೆ ನನ್ನ ಡಿಂಗಿ ಸತ್ತಳು. ಕ್ಲೈವ್ ಬೋನನ್ನು ವ್ಯಾನಿನಿಂದ ಎತ್ತಿ ತನ್ನ ಕಾರಿನಲ್ಲಿಟ್ಟ.

"ಹತ್ತು," ಎಂದ.

ಸಾರ್ಜೆಂಟನ ರಕ್ತ ಬಿ ಗುಂಪಿನದೇ ಆಗಿತ್ತು, ರೋಗವೂ ಇರಲಿಲ್ಲ. ಮಂಪರಿನ ಮದ್ದು ಕೊಟ್ಟು ರಕ್ತ ತೆಗೆಯುವಷ್ಟು ಹೊತ್ತೂ ಕ್ಲೈವ್ ಅವನ ತಲೆ ಹಿಡಿದು ಕೂತ. ಆಮೇಲೆ ಆ ರಕ್ತ ಹನಿಹನಿಯಾಗಿ ಡಿಂಗಿಯ ಮೈಗೆ ಇಳಿಯತೊಡಗಿತು. ಪ್ರತಿ ಹನಿಗೂ ಇದೇ ಕೊನೆಯ ಉಸಿರೇನೋ ಎಂದು ಅವಳ ಹೊಟ್ಟೆಯ ಏರಿಳಿತವನ್ನೇ ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ ಅವಳ ಒಸಡಿನಲ್ಲಿ ತುಸು ಗುಲಾಬಿ ಬಣ್ಣ ಕಾಣಿಸಿತು. ನಾನು ಬಿಕ್ಕಿಬಿಕ್ಕಿ ಅತ್ತೆ.

"ಇನ್ನೂ ಗೆದ್ದಿಲ್ಲ," ಎಂದರು ಡಾಕ್ಟರ್. "ಮತ್ತೆ ರಕ್ತ ಬೇಕಾದ್ರೂ ಬೇಕಾಗಬಹುದು."

ಸಾರ್ಜೆಂಟನನ್ನು ಕೋಟಿನಲ್ಲಿ ಸುತ್ತಿ ಎತ್ತಿಕೊಂಡಿದ್ದ ಕ್ಲೈವ್ ಖಾಲಿ ಬೋನನ್ನು ಕಾಲಿನಿಂದ ನನ್ನತ್ತ ತಳ್ಳಿದ.

"ಇದನ್ನ ವಾಪಸ್ ಕೊಟ್ಬಿಡು. ಮುಂದಿನ ಸಲ ಬಾಗಿಲು ತಟ್ಟು, ಸಾಕು."