ನಲವತ್ತೇಳನೆಯ ಪುಟದ ತಾಯಿ

ಕರೆಂಟು ಹೋಯಿತು, ಕೆಳಗೆ ಜನರೇಟರ್ ಗುಡುಗುಟ್ಟಿತು, ಕಂಪ್ಯೂಟರಿನ ಪರದೆ ಒಮ್ಮೆ ಮಿನುಗಿ ಮತ್ತೆ ಅದೇ ಸಾಲನ್ನು ತೋರಿಸಿತು — ಇಯಾದ್, ತಾಯಿ ಲಮೀಸ್ — ಮಿನುಗಿದರೆ ಅಳಿಸಿಹೋಗುತ್ತದೆಯೇ, ಈ ಕುಟುಂಬ ದಾಖಲೆಯ ಪ್ರೋಗ್ರಾಂ ಹೀಗೆ ಹೆಣೆದವಳು ರುದೈನಾ ತಾನೇ, ಹೋದ ತಿಂಗಳು, ಇದೇ ಕುರ್ಚಿಯಲ್ಲಿ, ಕಾಫಿ ಆರುವುದರೊಳಗೆ. ಪರೀಕ್ಷೆಗೆ ಯಾರದಾದರೂ ಹೆಸರು ಹಾಕಬಹುದಿತ್ತು, ಹಾಳು ಬೆರಳು, ಬೇರೆ ಹೆಸರೇ ಗೊತ್ತಿಲ್ಲದ ಹಾಗೆ ಮಗನದನ್ನೇ ಒತ್ತಿತು. ಕುಟುಂಬದ ಪುಟ ನಲವತ್ತೇಳು ಅಂದ್ರೆ ಯಾವೂರಿನ ನಲವತ್ತೇಳು ಮಹರಾಯ್ತಿ, ಲೆಬನಾನಿನಲ್ಲಿ ಊರಿಗೊಂದು ನಲವತ್ತೇಳಿದೆ, ಎಂದು ಮೇಲಧಿಕಾರಿ ವಜ್ದಿ ಮೊದಲ ದಿನವೇ ನಕ್ಕಿದ್ದ, ಅದಕ್ಕೇ ಊರು ಒಂದು ಕಾಲಂ, ದಾಖಲೆ ಸಂಖ್ಯೆ ಇನ್ನೊಂದು, ಎರಡೂ ಕೂಡಿದರೇ ಒಂದು ಕುಟುಂಬದ ಗುರುತು — ಅಷ್ಟು ಎಚ್ಚರದಿಂದ ಎರಡನ್ನೂ ಜೋಡಿಸಿದಳು, ಮಗುವಿನಿಂದ ಕುಟುಂಬಕ್ಕೆ, ಕುಟುಂಬದಿಂದ ಆ ಪುಟದಲ್ಲಿರುವ ಹೆಂಡತಿಗೆ, ಅವಳೇ ತಾಯಿ, ಮತ್ಯಾರು, ಎಂದು ಗಂಟು ಹಾಕಿದಳು. ಮತ್ಯಾರು! ವಿಚ್ಛೇದನವಾದ ಮೇಲೆ ತನ್ನ ಹೆಸರನ್ನು ಗಂಡನ ಊರಿನ ನಲವತ್ತೇಳರಿಂದ ಕಿತ್ತು ಅಪ್ಪನ ಊರು ದೇರ್ ಸುಮ್ಮಾಕಿನ ನೂರ ಹನ್ನೆರಡಕ್ಕೆ ಬರೆದದ್ದನ್ನು ಕಣ್ಣಾರೆ ಕಂಡವಳು, ಗುಮಾಸ್ತ ಅಡ್ಡಗೆರೆ ಎಳೆದು, ಇನ್ಮೇಲೆ ನಿಮ್ಮ ಕಾಗದ ಅಲ್ಲಿ ಸಿಗುತ್ತೆ ಅಕ್ಕಾ, ಇಲ್ಲಿಗೆ ಬರ್ಬೇಡಿ, ಎಂದದ್ದನ್ನು ಕೇಳಿಸಿಕೊಂಡವಳು. ಮಕ್ಕಳು ಮಾತ್ರ ಅಪ್ಪನ ಪುಟದಲ್ಲೇ ಉಳಿಯುತ್ತಾರೆ, ಇಯಾದ್ ಉಳಿದ, ವರ್ಷ ತಿರುಗುವುದರೊಳಗೆ ಲಮೀಸ್ ಆ ಪುಟಕ್ಕೆ ಹೆಂಡತಿಯಾಗಿ ಬಂದಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಯಿತು.

ನಾಲ್ಕು ಗಂಟೆಗೆ ಇದು ನೋಂದಣಿ ಕಚೇರಿಗೆ ಹೋಗಬೇಕು, ನಾಳೆಯಿಂದ ಕುಟುಂಬ ಪತ್ರಗಳು ಅಚ್ಚಾಗುವುದು ಇದರಿಂದಲೇ, ಶಾಲೆಗೆ, ಪಾಸ್‌ಪೋರ್ಟಿಗೆ, ಎಲ್ಲದಕ್ಕೂ ತಾಯಿ ಲಮೀಸ್. ವಿಚ್ಛೇದನ ಆದೋರು ನೂರಕ್ಕೆ ಇಬ್ಬರೋ ಮೂವರೋ ಇರ್ತಾರೆ, ಆಮೇಲೆ ನೋಡೋಣ ಬಿಡು, ವಜ್ದಿ ಜಾತರ್ ಸೊಪ್ಪಿನ ಪುಡಿ ಸವರಿದ ರೊಟ್ಟಿ ಮುರಿಯುತ್ತ ಹೇಳಿದ, ಪಾಪ, ಆ ಇಬ್ಬರು ಮೂವರಲ್ಲಿ ಒಬ್ಬಳು ಎದುರಿಗೇ ಕೂತಿದ್ದಾಳೆಂದು ಅವನಿಗೇನು ಗೊತ್ತು, ಅವಳು ಯಾರಿಗೂ ಹೇಳಿಲ್ಲ. ಭಾನುವಾರ ಅಪ್ಪನ ಮನೆಯಿಂದ ಫೋನಿನಲ್ಲಿ ಇಯಾದ್, ಅಮ್ಮಾ ನನ್ನ ನೀಲಿ ಕಾಲುಚೀಲ ಎಲ್ಲಿ ಎಂದ, ಎರಡನೇ ಖಾನೇಲಿ ನೋಡು ಕಂದಾ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಆ ಕಡೆ ಒಂದು ಹೆಣ್ಣುದನಿ, ಒಣಗೋಕೆ ಹಾಕಿದ್ದೀನಲ್ಲೋ — ಒಳ್ಳೆಯ ದನಿಯೇ, ಬೈಯಲೂ ಮನಸ್ಸು ಬಾರದ ದನಿ, ಹೊಟ್ಟೆಯುರಿದದ್ದು ಅದಕ್ಕೇ. ಇರಲಿ, ಅವಳು ಕಾಲುಚೀಲ ಒಗೆಯಲಿ, ಈ ಸಾಲು ಮಾತ್ರ ತನ್ನದು, ಅಳಿಸು, ಗಂಟು ಬಿಚ್ಚು, ಮಗುವಿನ ಸಾಲಿನಲ್ಲೇ ತಾಯಿಗೆಂದು ಮೂರು ಕಾಲಂ, ಅವಳ ಊರು, ಅವಳ ಸಂಖ್ಯೆ, ಆ ಪುಟದಲ್ಲಿ ಅವಳ ಕ್ರಮಾಂಕ, ಮೂರೂ ಕೂಡಿದರೆ ಜಗತ್ತಿಗೆ ಒಬ್ಬಳೇ ಹೆಂಗಸು, ಜನನ ದಾಖಲೆಯಿಂದ ತುಂಬು, ಅವಳ ಪುಟ ಬದಲಾದರೆ ಮಗುವಿನ ಸಾಲಿನಲ್ಲೂ ತಾನಾಗಿ ಬದಲಾಗಲಿ, ಅವಳು ಎಲ್ಲಿಗೆ ಹೋದರೂ ದಾರ ಕಡಿಯದಿರಲಿ. ಮೂರೂವರೆ. ಪ್ರೋಗ್ರಾಂ ಓಡಿಸಿದಳು. ಇಯಾದ್, ತಾಯಿ ರುದೈನಾ. ಸರಿಯಾಯ್ತಲ್ಲ, ಕಳಿಸು ಮತ್ತೆ, ವಜ್ದಿ ಕೈ ಒರೆಸಿಕೊಂಡ, ಇನ್ನೊಂದ್ಸಲ ನೋಡ್ತೀನಿ ಉಸ್ತಾಜ್, ಒಂದೇ ಸಲ, ಎಂದಳು ಅವಳು. ಯಾರಿಗೆ ತೋರಿಸುವುದು ಇದನ್ನು, ಒಂಬತ್ತು ವರ್ಷದ ಹುಡುಗನಿಗೆ ಫೋನು ಮಾಡಿ ಏನೆಂದು ಹೇಳುವುದು, ಕಾಲಂ ಸರಿಮಾಡಿದೆ ಎಂದೇ, ಅವನು ಹೂಂ ಅಂದು ಆಟಕ್ಕೆ ಓಡುತ್ತಾನೆ. ಗುಂಡಿ ಒತ್ತಿದಳು. ಇಯಾದ್, ತಾಯಿ ರುದೈನಾ. ಎಷ್ಟು ಸಲ ಓಡಿಸ್ತೀಯೇ ಮಹರಾಯ್ತಿ, ನಾಲ್ಕಾಗ್ತಾ ಬಂತು — ಒತ್ತಿದಳು. ಇಯಾದ್, ತಾಯಿ ರುದೈನಾ. ಇಯಾದ್, ತಾಯಿ ರುದೈನಾ. ಇಯಾದ್, ತಾಯಿ —