ಹದಿನೇಳು ರೈಟು

"ಅಕ್ಕಾ, ನನ್ನ ನೋಟ್‌ಬುಕ್ಕು ನಿನ್ನ ಹತ್ರಾನೇ ಉಳೀತಾ?"

ತಂಗಿ ಬಾಗಿಲಲ್ಲಿ ನಿಂತೇ ಕೇಳಿದಳು. ಬೆಳಗಿನ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ನರ್ಸಿನ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂತಿದ್ದಳು. ತಲೆ ಎತ್ತದೆಯೇ, "ಯಾವ ನೋಟ್‌ಬುಕ್ಕೇ?" ಎಂದಳು. ಯಾವುದೆಂದು ಚೆನ್ನಾಗಿಯೇ ಗೊತ್ತಿತ್ತು. ಅದು ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿತ್ತು.

"ಅದೇ, ನನ್ನ ಲೇಖನದ್ದು. ಜರ್ನಲ್‌ನವರು ವಾಪಸ್ ಕಳಿಸಿದಾರೆ, ನೋಡು."

ಮಡಚಿದ ಕಾಗದವನ್ನು ಅಕ್ಕ ಬಿಡಿಸಿದಳು. ಲೇಖನ ಓದಿದ ಇಬ್ಬರು ಪರಿಶೀಲಕರೂ ಒಂದೇ ಮಾತು ಬರೆದಿದ್ದರು: ಕೆಲಸ ಒಳ್ಳೆಯದೇ ಇರಬಹುದು, ಆದರೆ ಏನು ಮಾಡಿದಿರಿ ಎಂಬುದೇ ತಿಳಿಯುತ್ತಿಲ್ಲ, ಸರಳವಾಗಿ ಬರೆದು ಹತ್ತು ದಿನದೊಳಗೆ ಕಳಿಸಿ. ಓದಿದಾಗ ಅಕ್ಕನಿಗೆ ಮೊದಲು ಆದದ್ದು ಸಂತೋಷ. ಮುಚ್ಚಿಟ್ಟು ಏನು ಪ್ರಯೋಜನ, ಖುಷಿಯೇ ಆಯಿತು.

ತಂಗಿ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಅಳುತ್ತ ಬಂದವಳು. ಅವಳನ್ನು ದಿನಾ ಕೂರಿಸಿ ಡಿಕ್ಟೇಷನ್ ಕೊಟ್ಟು, ಬೆನ್ನ ಹಿಂದೆ ನಿಂತು, ಒಂದು ವಾಕ್ಯ ಸರಿಯಿದೆ ಎಂದು ಬಗ್ಗಿ ನೋಡಿದ ಮೇಲಷ್ಟೇ ಮುಂದಿನದನ್ನು ಹೇಳುತ್ತಿದ್ದವಳು ಅಕ್ಕ. ಅಂಥ ತಂಗಿ ಈಗ ಇಂಗ್ಲಿಷಿನಲ್ಲಿ ಸಂಶೋಧನೆ ಬರೆಯುತ್ತೇನೆಂದು ಹೊರಟಿದ್ದಳು. ಮಲಗಿದಲ್ಲೇ ಇರುವ ರೋಗಿಗಳ ಹಿಮ್ಮಡಿಗೆ ಹುಣ್ಣಾಗುತ್ತದೆ. ಕಾಲಿನ ಕೆಳಗೆ ಮಡಚಿದ ಬೆಡ್‌ಶೀಟ್ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರೆ ಕಡಿಮೆಯಾಗುತ್ತದೆಯೇ ಎಂದು ಎಂಟು ತಿಂಗಳು ಅರವತ್ತೆರಡು ಜನರನ್ನು ನೋಡಿ ಬರೆದಿದ್ದಳು. ಭಾಷೆ ತಿದ್ದಿ ಟೈಪ್ ಮಾಡಿಕೊಡು ಎಂದು ಅಕ್ಕನ ಕೈಗೆ ಕೊಟ್ಟಿದ್ದಳು.

ಅಕ್ಕ ಆ ನೋಟ್‌ಬುಕ್ ತೆರೆದದ್ದೇ ನಗುವುದಕ್ಕೆ. ನಗು ಬರಲಿಲ್ಲ. ಸಣ್ಣ ಸಣ್ಣ ವಾಕ್ಯಗಳು: ಯಾವ ದಿನ, ಯಾವ ರೋಗಿ, ಏನು ಮಾಡಿದೆವು, ಏನಾಯಿತು. ಕೈ ತನ್ನಷ್ಟಕ್ಕೇ ಕೆಂಪು ಪೆನ್ನಿನಲ್ಲಿ ಅಂಚಿಗೆ ರೈಟ್ ಹಾಕುತ್ತ ಹೋಯಿತು. ಕೊನೆಯ ಪುಟ ಮುಗಿಯುವಾಗ ಹದಿನೇಳಾಗಿದ್ದವು. ಹೊಟ್ಟೆಗೆ ಕಿಚ್ಚು ಬಿದ್ದದ್ದು ಆಗಲೇ. ಅಕ್ಕನ ಸ್ವಂತ ಲೇಖನ ಮೂರು ಜರ್ನಲ್‌ಗಳಿಗೆ ಹೋಗಿ ಮೂರು ಸಲವೂ ವಾಪಸ್ ಬಂದು ಬೀರುವಿನಲ್ಲಿ ಬಿದ್ದಿತ್ತು. ಮನೆಯಲ್ಲಿ ಇಂಗ್ಲಿಷೊಂದು ತನ್ನದು ಎಂದುಕೊಂಡಿದ್ದಳು. ಅದಕ್ಕೂ ಇವಳು ಕೈ ಹಾಕಬೇಕಿತ್ತೆ?

ಆಮೇಲೆ ಮಾಡಿದ್ದಕ್ಕೆ ತಿದ್ದುವುದು ಎಂದು ಹೆಸರು. 'ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿದೆವು' ಎಂಬುದು ನಾಲ್ಕು ಸಾಲಿನ ವಾಕ್ಯವಾಯಿತು. ಅದರಲ್ಲಿ ಹಿಮ್ಮಡಿಯೂ ಇರಲಿಲ್ಲ, ಹಾಸಿಗೆಯೂ ಇರಲಿಲ್ಲ. ಒಂದೊಂದು ಪುಟವೂ ಮದುವೆ ಮನೆಯ ಹೆಂಗಸಿನಂತೆ ಒಡವೆ ಹೇರಿಕೊಂಡು ಕೂತಿತು. ತಂಗಿ ಓದಿ, "ಅಬ್ಬಾ, ನನಗೇ ಅರ್ಥ ಆಗ್ತಿಲ್ಲ, ಎಷ್ಟು ಚೆನ್ನಾಗಿದೆ!" ಎಂದಿದ್ದಳು.

ಈಗ ಅದೇ ತಂಗಿ ಕುರ್ಚಿಯ ತುದಿಯಲ್ಲಿ ಕೂತು ಹೇಳುತ್ತಿದ್ದಳು: "ನೀನು ಅಷ್ಟು ಕಷ್ಟಪಟ್ಟು ತಿದ್ದಿದ್ರೂ ಸರಿಹೋಗ್ಲಿಲ್ಲ ಅಂದ್ರೆ, ನಾನು ಬರೆದಿದ್ದು ಇನ್ನೆಷ್ಟು ಕೆಟ್ಟದಾಗಿತ್ತೋ. ಆಸ್ಪತ್ರೇಲಿ ನಮಗೆ ಲೇಖನ ಬರೆಯೋದು ಹೇಳಿಕೊಡೋ ಮೇಡಂ, ಮೊದಲನೇ ಕರಡು ತನ್ನಿ ನೋಡೋಣ ಅಂದ್ರು. ಅದೂ ಇಲ್ಲ ಅಂದ್ರೆ ಬಿಟ್ಬಿಡ್ತೀನಿ, ಅಕ್ಕಾ. ನನ್ನ ಕೈಲಾಗದ ಕೆಲಸ ಇದು."

ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಕೊಟ್ಟರೆ ಆ ರೈಟುಗಳನ್ನೂ ಕೊಟ್ಟಂತೆ. ಕೆಂಪು ಶಾಯಿ ರಬ್ಬರಿಗೆ ಜಗ್ಗುವಂಥದಲ್ಲ. ಅಕ್ಕ ತಲೆ ಎತ್ತಿದಳು. ಫೇಲಾಗಿ ಬಂದ ದಿನ ಇದ್ದ ಮುಖವೇ ಎದುರಿಗಿತ್ತು. ತುಟಿ ಕಚ್ಚಿಕೊಂಡು, ತಪ್ಪೆಲ್ಲ ತನ್ನದೇ ಎಂಬಂತೆ.

"ಇಲ್ಲೇ ಇದೆ," ಎಂದು ಡ್ರಾಯರ್ ಎಳೆದಳು.

ತಂಗಿ ನಿಂತುಕೊಂಡೇ ಪುಟ ತಿರುವಿದಳು. ಒಂದು ರೈಟು. ಎರಡು. ಬೆರಳು ಅಂಚಿನಲ್ಲೇ ಇಳಿಯುತ್ತ ಹೋಯಿತು.

"ಇದು ಯಾವಾಗ ಹಾಕಿದ್ದು?"

"ಮೊದಲನೇ ಸಲ ಓದ್ದಾಗ."

"ಟೈಪ್ ಮಾಡೋಕೆ ಮುಂಚೆ?"

"ಹೂಂ."

ತಂಗಿ ಕೊನೆಯ ಪುಟದವರೆಗೂ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರನ್ನು ಅಕ್ಕನ ಮುಂದಕ್ಕೆ ಎಳೆದಿಟ್ಟಳು.

"ನಾನು ಓದ್ತೀನಿ. ನೀನು ಟೈಪ್ ಮಾಡು. ಇದ್ದ ಹಾಗೇ."

ಅಕ್ಕ ಕೀಲಿಗಳ ಮೇಲೆ ಬೆರಳಿಟ್ಟಳು. ತಂಗಿ ಬೆನ್ನ ಹಿಂದೆ ನಿಂತು ಮೊದಲ ವಾಕ್ಯವನ್ನು ತಡವರಿಸುತ್ತ ಓದಿದಳು. ಟೈಪಾಯಿತು. ಮುಂದಿನದಕ್ಕಾಗಿ ಅಕ್ಕ ಕಾದಳು. ತಂಗಿ ಅವಳ ಹೆಗಲ ಮೇಲಿಂದ ಬಗ್ಗಿ, ಪರದೆಯ ಮೇಲಿನ ಒಂದೊಂದು ಪದವನ್ನೂ ನೋಟ್‌ಬುಕ್ಕಿಗೆ ತಾಳೆ ನೋಡಿದಳು. ಆಮೇಲೆ ಎರಡನೆಯದನ್ನು ಓದಿದಳು.