ದಾರದ ಮೇಲಿನ ಕೆಂಪು ಚೀಟಿ

ಕಪ್ಪು ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಗಿದ ದಾರ. ದಾರದ ಮೇಲೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು. ಕ್ಲಿಪ್ಪಿಗೊಂದು ಚೀಟಿ, ಚೀಟಿಗೊಂದು ಇಂಗ್ಲಿಷ್ ಪದ. ಕಿಟಕಿಯಿಂದ ಗಾಳಿ ಬಂದರೆ ಇಡೀ ವಾಕ್ಯವೇ ಅಲುಗಾಡುತ್ತಿತ್ತು. ಆ ಸಂಜೆಗಳನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಆ ದಾರ, ಅದರ ನಡುವೆ ಕೆಂಪು ಮಸಿಯಲ್ಲಿ ಬರೆದ ಒಂದು ಚೀಟಿ.

ದಾರ ಕಟ್ಟಿದವರು ಜಿನ್ನಪ್ಪ ಮೇಷ್ಟ್ರು. ಹಗಲೆಲ್ಲ ಅವರು ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳನ್ನು ಜೋಡಿಸುತ್ತಿದ್ದರು. ಸಂಜೆ ಆರಕ್ಕೆ ಕೈ ತೊಳೆದುಕೊಂಡು ಶಾಲೆಯ ಹಿಂದಿನ ಕೋಣೆಗೆ ಬರುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯ ಮಸಿ ಹೋಗುತ್ತಿರಲಿಲ್ಲ. ಒಮ್ಮೆ ಕಣ್ಣಾಡಿಸಿದ ಪುಟ ಅವರ ತಲೆಯಲ್ಲಿ ಸಾಲುಸಾಲಾಗಿ ನಿಂತುಬಿಡುತ್ತಿತ್ತು. ಅದೇನು ದೊಡ್ಡ ವಿದ್ಯೆಯಲ್ಲ, ಕಸುಬು ಕೊಟ್ಟ ಅಭ್ಯಾಸ ಎನ್ನುತ್ತಿದ್ದರು.

ಅಲ್ಲಿ ಕಲಿಯಲು ಬರುತ್ತಿದ್ದ ನಾವು ಹನ್ನೊಂದು ಜನ. ಎಲ್ಲರೂ ದುಡಿದು ದಣಿದು ಬಂದವರೇ. ನಾನು ನೀರು ಸರಬರಾಜು ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದೆ. ಅಪ್ಪ ಅಲ್ಲಿ ಪಂಪ್ ಆಪರೇಟರ್ ಆಗಿದ್ದರು. ಅವರು ಕೆಲಸದಲ್ಲಿರುವಾಗಲೇ ತೀರಿಕೊಂಡದ್ದರಿಂದ ಕನಿಕರಕ್ಕೆ ಸಿಕ್ಕ ನೌಕರಿ ನನ್ನದು. ಅದಕ್ಕೊಂದು ಷರತ್ತಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರು ಸಲದೊಳಗೆ ಪಾಸಾಗಬೇಕು, ಇಲ್ಲವಾದರೆ ನೌಕರಿಯೂ ಇಲ್ಲ, ನೀರಿನ ಟ್ಯಾಂಕಿನ ಪಕ್ಕ ಕಚೇರಿಯವರು ಕೊಟ್ಟಿದ್ದ ಎರಡು ಕೋಣೆಯ ಮನೆಯೂ ಇಲ್ಲ. ನಾನು ಎರಡು ಸಲ ಫೇಲಾಗಿದ್ದೆ. ಎರಡನೆಯ ಫಲಿತಾಂಶ ಬಂದ ದಿನವೇ ಅಮ್ಮ ದೊಡ್ಡ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿಟ್ಟಿದ್ದಳು. "ಯಾವತ್ತು ಹೋಗು ಅಂತಾರೋ ಗೊತ್ತಿಲ್ಲ ಮಗಳೇ. ಪಾಸಾದ ಮೇಲೆ ಬಿಚ್ಚಿದರಾಯ್ತು" ಎಂದಿದ್ದಳು. ಆ ಒಂದು ವರ್ಷ ನಾನು ದಿನವೂ ಆ ಚೀಟಿಗಳನ್ನೂ ಆ ಚೀಲವನ್ನೂ ನೋಡುತ್ತ ಬದುಕಿದೆ.

ಮೇಷ್ಟ್ರು ಕಲಿಸುವ ರೀತಿ ಪುಸ್ತಕದ್ದಲ್ಲ. ಕ್ಯಾನ್, ಮೇ, ಮಸ್ಟ್, ಶುಡ್ ಇವಕ್ಕೆ ನೀಲಿ ಮಸಿ, ಕ್ರಿಯಾಪದಗಳಿಗೆ ಕಪ್ಪು. ನಮ್ಮಲ್ಲಿ ಬೇಕು, ಬಹುದು ಎಂಬವು ಕ್ರಿಯಾಪದದ ಬಾಲ ಹಿಡಿದು ಬರುತ್ತವೆ, ಅವರಲ್ಲಿ ಕಂದೀಲು ಹಿಡಿದು ಮುಂದೆ ನಡೆಯುತ್ತವೆ ಎನ್ನುತ್ತಿದ್ದರು. ಕಂದೀಲಿನವನು ಮುಂದಿದ್ದಾಗ ಹಿಂದಿನ ಕ್ರಿಯಾಪದ ಚಪ್ಪಲಿ ಕಳಚಿ ಬರಿಗಾಲಲ್ಲಿ ಬರಬೇಕು. ಹಾಗೆ ಹೇಳುತ್ತ ಅದರ ಕೊನೆಗೆ ಅಂಟಿದ ಎಸ್ ಅಕ್ಷರವನ್ನು ಕತ್ತರಿಯಿಂದ ಕತ್ತರಿಸಿ ಹಾಕುತ್ತಿದ್ದರು. ಕೆಂಪು ಚೀಟಿಯಲ್ಲಿದ್ದದ್ದು ಆಲ್ವೇಸ್. ಅದನ್ನು ಕೈಗೆ ಕೊಟ್ಟು, ಎಲ್ಲಿ ನಿಲ್ಲಿಸ್ತೀಯಮ್ಮ, ನಿಲ್ಲಿಸು ಎನ್ನುತ್ತಿದ್ದರು. ನೀಲಿಗೂ ಕಪ್ಪಿಗೂ ನಡುವೆ ಅದನ್ನು ನಿಲ್ಲಿಸುವ ಮೊದಲು ಪ್ರತಿಸಲವೂ ಹೆದರಿ ಹಿಂದೆ ಮುಂದೆ ಇಟ್ಟು ನೋಡುತ್ತಿದ್ದೆ.

ಬಸ್ ಕಂಡಕ್ಟರ್ ಹಮೀದಣ್ಣನಿಗೆ ಮಾತ್ರ ಅದರ ಭಯವಿರಲಿಲ್ಲ. "ಇದು ನಮ್ ಡಿಪೋ ಪದ ಮೇಷ್ಟ್ರೇ. ಮುಂದೆ ಡ್ರೈವರ್ರು, ಹಿಂದೆ ಪ್ಯಾಸೆಂಜರ್ರು, ಮಧ್ಯೆ ನಿಂತು ಇಬ್ಬರ ಕೈಲೂ ಬೈಸ್ಕೊಳೋನು" ಎಂದು ನಗಿಸುತ್ತಿದ್ದ.

ಪರೀಕ್ಷೆಯ ಮಂಡಳಿಯವರು ಪ್ರಶ್ನೆಪತ್ರಿಕೆಯನ್ನು ಯಾರಿಗೂ ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಉತ್ತರದ ಜೊತೆ ಅದನ್ನೂ ಎಣಿಸಿ ವಾಪಸು ಪಡೆಯುತ್ತಿದ್ದರು. ಆದರೂ ಹಿಂದಿನ ಒಂಬತ್ತು ವರ್ಷಗಳ ಪ್ರಶ್ನೆಗಳು ಮೇಷ್ಟ್ರ ಹತ್ತಿರ ಅವರದೇ ಅಕ್ಷರದಲ್ಲಿದ್ದವು. ನಾವು ಅಭ್ಯಾಸ ಮಾಡುತ್ತಿದ್ದದ್ದು ಅವನ್ನೇ. ಎಲ್ಲಿಂದ ಬಂದವೆಂದು ಹಮೀದಣ್ಣ ಒಮ್ಮೆ ಕೇಳಿದಾಗ ಅವರು ಸೀಮೆಸುಣ್ಣದ ಪುಡಿ ಕೊಡವಿಕೊಂಡು ಬೇರೆ ಮಾತು ತೆಗೆದಿದ್ದರು.

ಮೂರನೆಯ ಸಲದ ಪರೀಕ್ಷೆಗೆ ಹೊರಟಾಗ ಅಮ್ಮ ಬಾಗಿಲವರೆಗೆ ಬಂದು ನನ್ನ ಮುಖ ನೋಡುತ್ತ ನಿಂತಳು. ಹಿಂದಿನ ಎರಡು ಸಲ ನನ್ನ ನಂಬರು ಬೇರೆ ಕಟ್ಟಡದಲ್ಲಿತ್ತು. ಈ ಸಲ ದೊಡ್ಡ ಸಭಾಂಗಣದಲ್ಲಿ ಜಾಗ ಸಿಕ್ಕಿತ್ತು. ಪ್ರಶ್ನೆಗಳನ್ನು ನೋಡಿದೆ. ಕಷ್ಟವೆನಿಸಲಿಲ್ಲ. ಕಣ್ಣೆದುರು ದಾರ ಬಿಗಿದುಕೊಂಡಿತು, ಚೀಟಿಗಳು ತಾವಾಗಿಯೇ ತಮ್ಮ ತಮ್ಮ ಜಾಗದಲ್ಲಿ ನಿಂತವು. ಅರ್ಧ ಗಂಟೆ ಉಳಿದಿರುವಾಗಲೇ ಬರೆದು ಮುಗಿಸಿ ತಲೆ ಎತ್ತಿದೆ.

ಪಕ್ಕದ ಸಾಲಿನಲ್ಲಿ, ಎರಡು ಬೆಂಚು ಮುಂದೆ, ಕಾಲರಿನಲ್ಲಿ ಮಸಿಯ ಕಲೆಯಿದ್ದ ಒಂದು ಅಂಗಿ ಕಂಡಿತು. ಜಿನ್ನಪ್ಪ ಮೇಷ್ಟ್ರು.

ಅವರು ಮೇಲ್ವಿಚಾರಕರಾಗಿ ಬಂದಿರಲಿಲ್ಲ. ಅವರ ಮುಂದೆಯೂ ನನ್ನದರಂಥದೇ ಹಾಲ್ ಟಿಕೆಟ್ ಇತ್ತು. ಉತ್ತರದ ಹಾಳೆ ಖಾಲಿಯಾಗಿತ್ತು. ಪೆನ್ನಿನ ಟೋಪಿಯನ್ನೂ ತೆಗೆದಿರಲಿಲ್ಲ. ಪ್ರಶ್ನೆಪತ್ರಿಕೆ ನೋಡುವರು, ತಲೆ ಎತ್ತಿ ಸೂರು ನೋಡುವರು, ತುಟಿ ಅಲುಗಿಸುವರು, ಮತ್ತೆ ಪತ್ರಿಕೆ ನೋಡುವರು. ಉತ್ತರ ಹೊಳೆಯದವರು ಹಾಗೆ ಸೂರು ನೋಡುವುದನ್ನು ನಾನು ಎರಡು ವರ್ಷ ಕಂಡಿದ್ದೆ, ನಾನೂ ನೋಡಿದ್ದೆ.

ಇವರಿಗೇ ಪಾಸಾಗಲು ಆಗಿಲ್ಲ. ಇವರು ಕಲಿಸಿದ್ದನ್ನು ನಂಬಿ ನಾನು ಎರಡು ಸಲ ಫೇಲಾದೆ, ಈಗ ಮೂರನೆಯ ಸಲವೂ ಅದನ್ನೇ ಬರೆದು ಕೂತಿದ್ದೇನೆ. ಕಟ್ಟಿಟ್ಟ ಗೋಣಿಚೀಲ ಕಣ್ಣಮುಂದೆ ಬಂತು. ಬರೆದದ್ದನ್ನು ಮತ್ತೆ ಓದಿದೆ. ಈಗ ಪ್ರತಿಯೊಂದು ವಾಕ್ಯವೂ ತಪ್ಪಾಗಿ ಕಂಡಿತು. ಮೊದಲು ಒಂದು ಉತ್ತರ ಹೊಡೆದುಹಾಕಿದೆ. ನಡುವೆ ನಿಂತಿದ್ದ ಪದವನ್ನು ಎತ್ತಿ ಕೊನೆಗೆ ಇಟ್ಟೆ. ಆಮೇಲೆ ಇನ್ನೊಂದು. ಬರಿಗಾಲಲ್ಲಿ ಬಂದ ಕ್ರಿಯಾಪದಗಳಿಗೆಲ್ಲ ಚಪ್ಪಲಿ ತೊಡಿಸಿದೆ. ಗಂಟೆ ಬಾರಿಸುವ ಹೊತ್ತಿಗೆ ಹನ್ನೆರಡು ಉತ್ತರಗಳ ಮೇಲೆ ಗೆರೆ ಎಳೆದಿದ್ದೆ. ಅವರನ್ನು ಕೇಳುವುದಿರಲಿ, ಮುಖವನ್ನೇ ನೋಡಬಾರದೆಂದು ಬೇಗ ಹೊರಬಿದ್ದೆ.

ಮೇಷ್ಟ್ರೇ ಓಡಿಬಂದು ನಲ್ಲಿಯ ಕಟ್ಟೆಯ ಹತ್ತಿರ ನನ್ನನ್ನು ಹಿಡಿದರು.

"ಪೆನ್ಸಿಲ್ ಇದೆಯೇನಮ್ಮ? ಬರ್ಕೋ, ಬೇಗ ಬರ್ಕೋ. ತಲೇಲಿರೋದು ಚದುರಿಹೋಗತ್ತೆ."

ಏನೆಂದು ಗೊತ್ತಾಗದೆ ಹಾಲ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆಯತೊಡಗಿದೆ. ಕಣ್ಣು ಮುಚ್ಚಿಕೊಂಡು ಅವರು ಹೇಳುತ್ತ ಹೋದರು. ಮೊದಲನೆಯ ಪ್ರಶ್ನೆ, ಅದರ ಅಂಕ, ಬಿಟ್ಟ ಸ್ಥಳಗಳು, ಎರಡನೆಯದು, ಮೂರನೆಯದು. ಒಂದು ಅಲ್ಪವಿರಾಮವೂ ಬಿಟ್ಟುಹೋಗಲಿಲ್ಲ. ಏಳನೆಯ ಪ್ರಶ್ನೆಗೆ ಬರುವಾಗ ನನ್ನ ಪೆನ್ಸಿಲು ನಿಂತಿತು.

"ಪ್ರತಿ ವರ್ಷ ಹೀಗೇನಾ ಮೇಷ್ಟ್ರೇ?"

"ಇನ್ನೇನು ಮಾಡ್ಲಮ್ಮ? ಪೇಪರ್ರು ಹೊರಗೆ ಬಿಡಲ್ಲ. ಒಳಗೆ ಹೋಗಬೇಕು ಅಂದ್ರೆ ಅರ್ಜಿ ಹಾಕಬೇಕು. ಬರೆದು ಪಾಸಾಗಿಬಿಟ್ರೆ ಮುಂದಿನ ವರ್ಷ ಸೇರಿಸಲ್ಲ." ನಾಚಿಕೊಂಡವರಂತೆ ನಕ್ಕರು. "ಯಾರಿಗೂ ಹೇಳಬೇಡ. ನೀನು ಹೇಗೆ ಬರೆದೆ?"

ಚೆನ್ನಾಗಿ ಬರೆದೆ ಎಂದೆ. ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದು ಅದೇ ಮೊದಲು.

ಮನೆಗೆ ಹೋದರೆ ಗೋಣಿಚೀಲ ಬಿಚ್ಚಿಕೊಂಡು ಬಿದ್ದಿತ್ತು. ಅಮ್ಮ ತಾಮ್ರದ ಹಂಡೆಯನ್ನು ಅಂಗಳದಲ್ಲಿ ಬೋರಲು ಹಾಕಿ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಬೆಳಗ್ಗೆ ನನ್ನ ಮುಖ ನೋಡಿಯೇ ತನಗೆ ಧೈರ್ಯ ಬಂತು ಎಂದಳು. ಆ ಹೊಳೆಯುವ ಹಂಡೆಯ ಪಕ್ಕ ಕುಕ್ಕರಿಸಿ ಕೂತು ನಾನೂ ಉಜ್ಜಿದೆ.

ನಾಲ್ಕು ಅಂಕದಲ್ಲಿ ಫೇಲಾದೆ. ತಿಂಗಳೊಳಗೆ ಮನೆ ಖಾಲಿ ಮಾಡಿದೆವು. ಹಂಡೆ ಮತ್ತೆ ಚೀಲ ಸೇರಿತು. ಗಿರಣಿ ಬೀದಿಯ ಒಂಟಿ ಕೋಣೆಯಲ್ಲಿ ಅದನ್ನು ಬಿಚ್ಚಿಡಲು ಜಾಗವಿರಲಿಲ್ಲ. ನಾನು ಒಬ್ಬ ದರ್ಜಿಯ ಅಂಗಡಿಯಲ್ಲಿ ಕಾಜ ಹಾಕುವ ಕೆಲಸಕ್ಕೆ ಸೇರಿದೆ. ಅಮ್ಮ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತರಗತಿಯ ಕಡೆ ನಾನು ಹೋಗಲಿಲ್ಲ. ಹಮೀದಣ್ಣ ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ, ಮೇಷ್ಟ್ರು ಯಾಕೋ ಮೊದಲಿನಂತಿಲ್ಲ ಎಂದ. ನನ್ನ ಫಲಿತಾಂಶ ಕೇಳಿದ ದಿನ ದಾರದ ಎದುರು ನಿಂತು, ಆ ಹುಡುಗಿಗೆ ಎಲ್ಲ ಬರುತ್ತಿತ್ತು, ನಾನು ಹೇಳಿಕೊಟ್ಟದ್ದೇ ತಪ್ಪಿರಬೇಕು ಎಂದರಂತೆ. ಅಂದಿನಿಂದ ಒಂದೊಂದು ಚೀಟಿ ಇಡುವಾಗಲೂ ತಡೆದು ಪುಸ್ತಕ ತೆರೆದು ನೋಡುತ್ತಾರಂತೆ. ನನ್ನ ಅನುಮಾನ ಅವರಿಗೂ ಅಂಟಿಕೊಂಡಿತ್ತು. ಆ ಸಂಜೆಯೇ ಹೋಗಿ ಹೇಳಬಹುದಿತ್ತು, ಹೇಳಬೇಕಿತ್ತು. ಕಾಲು ಬರಲಿಲ್ಲ. ವರ್ಷವೇ ಕಳೆಯಿತು.

ಮುಂದಿನ ಫಲಿತಾಂಶದ ವಾರ ಮೇಷ್ಟ್ರೇ ಹೇಳಿಕಳುಹಿಸಿದರು. ಹೋದಾಗ ಕೋಣೆಯಲ್ಲಿ ಒಬ್ಬರೇ ಇದ್ದರು. ಮಡಚಿದ ಒಂದು ಹಾಳೆಯನ್ನು ನನ್ನ ಮುಂದೆ ಬಿಡಿಸಿದರು. ಅವರ ಅಂಕಪಟ್ಟಿ. ನೂರಕ್ಕೆ ತೊಂಬತ್ತಾರು.

"ಈ ಸಲ ಬರೆದುಬಿಟ್ಟೆ ಕಣಮ್ಮ. ನನಗೆ ಬರತ್ತೋ ಇಲ್ವೋ ಅಂತ ನೋಡ್ಕೋಬೇಕಿತ್ತು. ಬರದೇ ಇರೋದನ್ನ ಇಷ್ಟು ವರ್ಷ ಹೇಳಿಕೊಟ್ಟೆನಾ ಅನ್ನೋದು ತಲೇಲಿ ಕೊರೀತಿತ್ತು."

"ಹಾಗಾದರೆ ಇನ್ಮೇಲೆ?"

"ಇನ್ಮೇಲೆ ಒಳಗೆ ಬಿಡಲ್ಲ. ಹೊಸ ಪ್ರಶ್ನೆಗಳೂ ಸಿಗಲ್ಲ" ಎಂದರು. ಧ್ವನಿಯಲ್ಲಿ ಸಂತೋಷವಿರಲಿಲ್ಲ, ದೂರೂ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಕಾಲರಿನ ಕಲೆ, ಖಾಲಿ ಹಾಳೆ, ಸೂರು ನೋಡಿದ ಕಣ್ಣು, ಹನ್ನೆರಡು ಗೆರೆ. ತಲೆ ತಗ್ಗಿಸಿಯೇ ಹೇಳಿದೆ. ಮುಗಿದ ಮೇಲೆ ಅವರು ಅಂಕಪಟ್ಟಿಯನ್ನು ಮೊದಲಿದ್ದ ಹಾಗೆಯೇ ಮಡಚಿದರು.

"ನಲ್ಲಿ ಹತ್ರ ಅಷ್ಟು ಹೊತ್ತು ನಿಂತಿದ್ವಲ್ಲ ತಾಯಿ," ಎಂದರು, "ಒಂದು ಮಾತು ಅಂದಿದ್ರೆ ನಾನು ಈ ಸಲ ಬರೀತಿರಲಿಲ್ಲ."

ಆಮೇಲೆ ಎದ್ದು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕತೊಡಗಿದರು. ನೀಲಿ ಹೋಯಿತು, ಕಪ್ಪು ಹೋಯಿತು. ಕೆಂಪು ಚೀಟಿಯನ್ನು ಮಾತ್ರ ಡಬ್ಬಿಗೆ ಹಾಕದೆ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ. ಎಲ್ಲಿ ನಿಲ್ಲಿಸುತ್ತೀಯೆಂದು ಈ ಸಲ ಅವರು ಕೇಳಲಿಲ್ಲ. ಕಿಟಕಿಯಿಂದ ಗಾಳಿ ಬಂತು. ದಾರದ ಮೇಲೆ ಖಾಲಿ ಕ್ಲಿಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.